ಬಿಲ್ಲನ ಅವ್ವನ ಮನೆ ಮೇಲೆ

ಬೆಲ್ಪರ್ ಊರಿನ ಮುದುಕರ ಮನೆಯಲ್ಲಿ
ಮೊದಲ ದಿನವೇ ನನ್ನನ್ನು ಬಾತುಕೋಳಿ ಅಂದರು.
'ಬಾ ನನ್ನ ಬಾತುಕೋಳಿ, ಒಂದು ಕೈ ಕೊಡು.'
ನಡಿಗೆ ನೋಡಿ ಅಂದರೇನೋ ಅಂತ
ಬಚ್ಚಲ ಕನ್ನಡಿಯೆದುರು ನಾಲ್ಕು ಹೆಜ್ಜೆ ನಡೆದು ನೋಡಿಕೊಂಡೆ.
ಇನ್ನು ಕೈ ಕೊಡುವುದು.
ನಮ್ಮ ಗುಳೇದಗುಡ್ಡದಲ್ಲಿ ಕೈ ಕೊಟ್ಟವನ ಹೆಸರು
ಮೂರು ತಲೆಮಾರು ಮರೆಯುವುದಿಲ್ಲ.
ಇಲ್ಲಿ ಕೈ ಕೊಟ್ಟೆ, ಮುದುಕಿ ಎದ್ದು ನಿಂತಳು,
ಥ್ಯಾಂಕ್ಯೂ ಅಂದಳು.

ವಿನಿಫ್ರೆಡ್ ರಾಗ್. ವಯಸ್ಸು ತೊಂಬತ್ತೊಂದು.
ಹದಿನಾಲ್ಕಕ್ಕೇ ಡರ್ವೆಂಟ್ ಹೊಳೆದಂಡೆಯ ಗಿರಣಿ ಸೇರಿದವಳು.
ನಾನು ಮಗ್ಗದ ಮನೆಯವಳು ಅಂದಾಗ
ನನ್ನ ಬೆರಳು ಹಿಡಿದು ತಿರುತಿರುಗಿಸಿ ನೋಡಿದಳು,
ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ.
ಅವತ್ತಿನಿಂದ ಪಾಠ.

ಔಷಧಿ ಚೀಟಿಗಳ ಬೆನ್ನಿಗೆ ಬರೆದುಕೊಂಡೆ:
ಹವೆಯ ಕೆಳಗಿದ್ದೇನೆ ಅಂದರೆ ಮೈಗೆ ಹುಷಾರಿಲ್ಲ.
ಬಾಬ್ ನಿನ್ನ ಸೋದರಮಾವ ಅಂದರೆ ಇಷ್ಟೇ ನೋಡು, ಆಯಿತು.
(ವಿರೂಪಾಕ್ಷಪ್ಪ ಎಂಬ ನನ್ನ ಒಬ್ಬನೇ ಮಾವನಿಗೆ
ಇದು ತಿಳಿಯದಿರಲಿ.)
ಬಕೆಟ್ ಒದೆದ ಅಂದರೆ ಸತ್ತ.
'ನಮ್ಮಲ್ಲಿ ನೆಗೆದು ಬಿದ್ದ ಅಂತೇವೆ' ಅಂದೆ.
ಅವಳು ಯೋಚಿಸಿದಳು, ಚಹಾ ಗುಟುಕರಿಸಿದಳು.
'ಎರಡಕ್ಕೂ ಕಾಲು ಗಟ್ಟಿ ಇರಬೇಕಲ್ಲೇ,
ನನ್ನ ಮೊಣಕಾಲಲ್ಲಿ ಇದು ಆಗೋ ಮಾತಲ್ಲ.'

ಟೆಂಟರ್‌ಹುಕ್ಕಿನ ಮೇಲೆ ಇರುವುದು ಅಂದರೆ
ಡೇರೆಯ ಕೊಕ್ಕೆ ಅಂದುಕೊಂಡಿದ್ದೆ, ಅಲ್ಲ.
ಒದ್ದೆ ಉಣ್ಣೆಯ ಬಟ್ಟೆ ಮುದುಡದಂತೆ
ಚೌಕಟ್ಟಿಗೆ ಎಳೆದು ಸಿಕ್ಕಿಸುವ ಮೊಳೆಗಳಂತೆ,
ಅವಳ ತಾತನ ಕಾಲದವು.
ವೀಸಾ ಕಾಗದ ಬರುವವರೆಗೆ ಆರು ವಾರ
ನಾನು ಅದರ ಮೇಲೇ ಇದ್ದೆ,
ಹೆಸರು ಗೊತ್ತಿರಲಿಲ್ಲ.
ಪಾಠದ ಫೀಸು ಅಂತ ನಾನೊಂದು ಕೊಟ್ಟೆ: ಹಾಸುಹೊಕ್ಕು.
ಉದ್ದದ ನೂಲು, ಅಡ್ಡದ ನೂಲು,
ಒಂದನ್ನೊಂದು ಬಿಡದ ಮನುಷ್ಯರಿಗೂ ಅದೇ ಮಾತು.
ಕಟ್ಟಿಸಿದ ಹಲ್ಲಿನ ಸಂದಿಯಲ್ಲಿ 'ಹಾಸೂ-ಹಾಕು' ಅಂದಳು,
ಇಡೀ ದಿನ ಅಂದಳು,
ಊಟದ ತಟ್ಟೆ ತಂದವನಿಗೂ ಅಂದಳು.

ಬೆಟ್ಟದ ಕಡೆ ಮೋಡ ಕವಿದರೆ ಮಾತ್ರ ಕಿಟಕಿಗೆ ಬೆರಳು ತೋರಿ
'ಬಿಲ್ಲನ ಅವ್ವನ ಮನೆ ಮೇಲೆ ಕಪ್ಪಾಗಿದೆ.'
ಯಾವ ಬಿಲ್? ಗೊತ್ತಿಲ್ಲ. ಅವಳ ತಾಯಿಗೂ ಗೊತ್ತಿರಲಿಲ್ಲ.
ಮನೆ ಎಲ್ಲಿ?
ಮೋಡ ಎಲ್ಲಿದೆಯೋ ಅಲ್ಲಿ.
ಅಂದರೆ ಮಳೆ ಬರುತ್ತೆ, ಅಷ್ಟೇ,
ಬರಕೋ.

ಫೆಬ್ರವರಿಯಲ್ಲಿ ಡಾಕ್ಟರ್ ಬಂದ.
ಗಡಿಯಾರ ಬರೆಸಿದ. ದೇಶದ ಪ್ರಧಾನಿ ಯಾರು ಅಂತ ಕೇಳಿದ.
ಆಮೇಲೆ ತಣ್ಣಗೆ:
'ಹೊತ್ತಿಗೆ ಹಾಕಿದ ಒಂದು ಹೊಲಿಗೆ ಒಂಬತ್ತು ಉಳಿಸುತ್ತದೆ.
ಇದರ ಅರ್ಥ ಏನು, ವಿನಿಫ್ರೆಡ್?'
ಅವಳು ಕಾರ್ಡಿಗನ್ನಿನ ತೋಳು ನೋಡಿಕೊಂಡಳು,
ಆ ತೋಳು, ಈ ತೋಳು, ಕಂಕುಳು.
'ಎಲ್ಲಿ ಹರಿದಿದೆ?'
ಅವನು ಮತ್ತೆ ಕೇಳಿದ.
'ಒಂಬತ್ತು ಏನು?' ಅಂದಳು.
ಅವನು ಏನೋ ಬರೆದುಕೊಂಡ.

ನನಗೆ ಉತ್ತರ ಗೊತ್ತಿತ್ತು.
ಅಕ್ಟೋಬರ್ ಮೂರನೆಯ ತಾರೀಕಿನ ಚೀಟಿ,
ಹಿಂದೆ ರಕ್ತದೊತ್ತಡದ ಗುಳಿಗೆ, ಮುಂದೆ ಅದೇ ಹೊಲಿಗೆ,
ಅವಳೇ ಹೇಳಿಕೊಟ್ಟಿದ್ದು.
ಪರೀಕ್ಷೆಯಲ್ಲಿ ಪಕ್ಕದವಳಿಗೆ ಹೇಳುವಂತಿಲ್ಲ.
ತುಟಿ ಕಚ್ಚಿ ಗಾಲಿಕುರ್ಚಿಯ ಹಿಡಿ ಹಿಡಿದು ನಿಂತೆ.
ಹೊಕ್ಕು ಒಂದೊಂದೇ ಜಾರಿ
ಹಾಸಿನ ಎಳೆ ಮಾತ್ರ ಉಳಿದ ಬಟ್ಟೆ,
ಬೆಳಕು ಹಾಯುತ್ತಿತ್ತು.

ಈಗ ನಾನೇ ಮೊದಲು ಹೇಳುತ್ತೇನೆ.
ಇವತ್ತು ಮೂರು ಗಂಟೆಗೆ, ಪರದೆ ಸರಿಸುತ್ತಾ,
ಅವಳದೇ ರಾಗದಲ್ಲಿ:
'ನೋಡು ವಿನಿಫ್ರೆಡ್, ಬಿಲ್ಲನ ಅವ್ವನ ಮನೆ ಮೇಲೆ ಕಪ್ಪಾಗಿದೆ.'
ಗಾಬರಿಯಿಂದ ನನ್ನ ಮುಂಗೈ ಹಿಡಿದಳು.
'ಅಯ್ಯೋ, ಆಕೆ ಒಣಹಾಕಿದ ಬಟ್ಟೆ ಒಳಗೆ ತಂದಳಾ?'

ಕಿಟಕಿಗೆ ಹಣೆ ಒತ್ತಿ ನಿಜವಾಗಿಯೂ ನೋಡಿದೆ,
ಗುಡ್ಡದಾಚೆ, ಚರ್ಚಿನ ಗೋಪುರದಾಚೆ,
ಮೊದಲ ಹನಿ ಗಾಜಿಗೆ ಬಡಿಯುವವರೆಗೂ.
'ತಂದಳು' ಅಂದೆ.
'ಹಾಸಿಗೆ ಬಟ್ಟೆನೂ?'
'ಅದನ್ನೇ ಮೊದಲು ತಂದಳು.'